ಏನಾಯ್ತು ಅಂತ ಕೇಳುವ ಮೊದಲು

ಹೆದರಿ ಹೋಗಿರುವ ಮಗುವನ್ನು ಕಂಡಾಗ ದೊಡ್ಡವರ ಬಾಯಿಂದ ಮೊದಲು ಬರುವ ಮಾತು ಒಂದೇ. "ಏನಾಯ್ತು, ಹೇಳು ಪುಟ್ಟಾ." ಪೊಲೀಸರು ಕೇಳುತ್ತಾರೆ, ಟೀಚರ್ ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಟಿವಿಯವರು ಮೈಕ್ ಹಿಡಿದು ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರ ಮನಸ್ಸು ಒಳ್ಳೆಯದೇ. ಹೇಳಿಕೊಂಡರೆ ಹಗುರಾಗುತ್ತದೆ ಅನ್ನುವುದು ನಮ್ಮೆಲ್ಲರ ನಂಬಿಕೆ. ದೊಡ್ಡವರ ಮಟ್ಟಿಗೆ ಅದು ಎಷ್ಟೋ ಸಲ ನಿಜವೂ ಹೌದು. ಆದರೆ ಕಣ್ಣೆದುರೇ ಮನೆ ಕೊಚ್ಚಿಹೋದದ್ದನ್ನು ನೋಡಿದ, ಅಪ್ಪ ಅಮ್ಮನಿಗೆ ಹೊಡೆಯುವುದನ್ನು ದಿನಾ ನೋಡಿದ, ಅಥವಾ ತನ್ನ ಮೈಮೇಲೆ ಬಿದ್ದ ಕೈಯ ಬಗ್ಗೆ ಯಾರಿಗೂ ಹೇಳಲಾಗದೆ ನುಂಗಿಕೊಂಡ ಏಳೆಂಟು ವರ್ಷದ ಮಗುವಿನ ಹತ್ತಿರ ಅದನ್ನು ಹೇಳುವ ಮಾತುಗಳೇ ಇರುವುದಿಲ್ಲ. ಇದ್ದರೂ ನಾಲಿಗೆಗೆ ಬರುವುದಿಲ್ಲ. ಭಯ ಕೂತಿರುವುದು ಮೈಯಲ್ಲಿ. ಬಾಗಿಲು ಬಡಿದ ಸದ್ದಿಗೆ ಭುಜ ಮೇಲೇಳುತ್ತದೆ, ಊಟ ಸೇರುವುದಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ, ಹಗಲಲ್ಲಿ ಕ್ಲಾಸಿನಲ್ಲಿ ಕೂತಲ್ಲೇ ಎಲ್ಲೋ ಹೋಗಿಬಿಡುತ್ತದೆ.

ನಾನು ಕೆಲವು ವರ್ಷಗಳಿಂದ ವಾರಕ್ಕೊಂದು ಸಂಜೆ ಒಂದು ಬಾಲಮಂದಿರಕ್ಕೆ ಹೋಗುತ್ತಿದ್ದೇನೆ. ಒಂದು ಚೀಲದಲ್ಲಿ ದಮ್ಮಡಿ, ತಾಳ, ಗೆಜ್ಜೆ, ಒಂದಿಷ್ಟು ಕೋಲಾಟದ ಕೋಲು. ನಾನು ಥೆರಪಿಸ್ಟ್ ಅಲ್ಲ, ಮೃದಂಗ ಕಲಿತವಳು. ಅಲ್ಲಿನ ಮಕ್ಕಳ ಹಿಂದಿನ ಕಥೆ ನನಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರ ಜೊತೆ ಕೂತು ಕೂತು, ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿ, ನನ್ನಲ್ಲಿ ಒಂದು ಅನಿಸಿಕೆ ಗಟ್ಟಿಯಾಗಿದೆ. ಹೆದರಿದ ಮಗುವಿಗೆ ಮಾತಿಗಿಂತ ಮೊದಲು, ರಾಗಕ್ಕಿಂತಲೂ ಮೊದಲು, ಲಯ ಬೇಕು. ಮುಂದೆ ಏನು ಬರುತ್ತದೆ ಅಂತ ಗೊತ್ತಿರುವ, ಬಂದೇ ಬರುವ, ಇನ್ನೊಬ್ಬರ ಜೊತೆ ಸೇರಿ ಹಾಕುವ ಒಂದು ತಾಳ. ಅದೂ ಮಗುವಿನ ವೇಗದಲ್ಲಿ. ವೇದಿಕೆ ಮೇಲೆ ಅಂತೂ ಬೇಡವೇ ಬೇಡ.

ಮೈಯಲ್ಲಿ ಕೂತ ಭಯ ಅಂದೆನಲ್ಲ, ಅದು ಬರೀ ಮಾತಿನ ಚಂದಕ್ಕೆ ಹೇಳಿದ್ದಲ್ಲ. 1993ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ವೇಕೋ ಊರಿನ ಹತ್ತಿರ, ಒಂದು ಧಾರ್ಮಿಕ ಪಂಗಡದವರಿಗೂ ಸರ್ಕಾರದ ಪಡೆಗೂ ಗುಂಡಿನ ಕಾಳಗ ನಡೆಯಿತು. ಫೆಬ್ರವರಿ 28ಕ್ಕೆ ಶುರುವಾದ ಮುತ್ತಿಗೆ ಏಪ್ರಿಲ್ 19ರಂದು ಬೆಂಕಿಯಲ್ಲಿ ಮುಗಿಯಿತು. ಅದರ ನಡುವೆ 21 ಮಕ್ಕಳನ್ನು ಹೊರಗೆ ಕಳಿಸಿದ್ದರು. ಆ ಮಕ್ಕಳನ್ನು ನೋಡಿಕೊಂಡ ತಂಡದ ಹೊಣೆ ಬ್ರೂಸ್ ಪೆರಿ ಅನ್ನುವ ಮಕ್ಕಳ ಮನೋವೈದ್ಯರದ್ದು. ಅವರು ಮಕ್ಕಳ ನಾಡಿ ನೋಡುತ್ತಾ ಹೋದರು. ಸುಮ್ಮನೆ ಕೂತಿರುವಾಗಲೂ ಎದೆಬಡಿತ ಇರಬೇಕಾದ್ದಕ್ಕಿಂತ ತುಂಬ ಜಾಸ್ತಿ. ದಿನಗಳು ಉರುಳಿದರೂ ಇಳಿಯದು. ಮಕ್ಕಳು ಆಡುತ್ತಿದ್ದರು, ತಿನ್ನುತ್ತಿದ್ದರು, ನೋಡಿದವರಿಗೆ ಪರವಾಗಿಲ್ಲ ಅನಿಸುತ್ತಿತ್ತು. ಎದೆ ಮಾತ್ರ ಓಡುತ್ತಲೇ ಇತ್ತು.

ಪೆರಿ ಆಮೇಲೆ ವರ್ಷಗಟ್ಟಲೆ ಹೇಳುತ್ತಾ ಬಂದದ್ದು ಇದನ್ನೇ. ಎದೆಬಡಿತ, ಉಸಿರು, ಬೆಚ್ಚಿಬೀಳುವುದು, ಇವನ್ನೆಲ್ಲ ನೋಡಿಕೊಳ್ಳುವುದು ಮಿದುಳಿನ ತಳದ ಭಾಗ. ಅದಕ್ಕೆ ಮಾತು ತಿಳಿಯುವುದಿಲ್ಲ. "ಏನೂ ಆಗಲ್ಲ, ನಾನಿದ್ದೀನಿ" ಅಂತ ನೂರು ಸಲ ಹೇಳಿದರೂ ಅದು ಅಲ್ಲಿಗೆ ಇಳಿಯುವುದಿಲ್ಲ. ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಬರುವ ಲಯ ಮಾತ್ರ ಇಳಿಯುತ್ತದೆ. ನಡಿಗೆ, ಉಯ್ಯಾಲೆ, ಕುಣಿತ, ತಮಟೆ, ಹಾಡು. ಮಿದುಳಿನ ವಿಷಯ ಇಷ್ಟು ಸರಳ ಅಲ್ಲ ಅಂತ ಅವರ ಜೊತೆ ಜಗಳ ತೆಗೆಯುವ ವಿಜ್ಞಾನಿಗಳೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೆ ಮೊದಲು ಮೈ ತಣಿಯಬೇಕು, ಆಮೇಲೆ ಮಾತು ಅನ್ನುವ ಆ ಕ್ರಮ ಇದೆಯಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಮನೆಗಳಲ್ಲಿ ಇದನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ. ಅಳುವ ಕೂಸಿಗೆ ಅಜ್ಜಿ ಪಾಠ ಹೇಳುವುದಿಲ್ಲ. ಸೀರೆಯ ಜೋಲಿಗೆ ಹಾಕಿ ತೂಗುತ್ತಾಳೆ, ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾಳೆ, ಚಾಚಿದ ಕಾಲ ಮೇಲೆ ಮಲಗಿಸಿ ಅಲ್ಲಾಡಿಸುತ್ತಾ ಬಾಯಲ್ಲಿ ಏನೋ ಒಂದು ಗುನುಗುತ್ತಾಳೆ. ತಟ್ಟುವ ಕೈಯ ಲೆಕ್ಕ ತಪ್ಪುವುದಿಲ್ಲ ನೋಡಿ, ಮಾತಾಡುತ್ತಿದ್ದರೂ ತಪ್ಪುವುದಿಲ್ಲ. 2009ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಇಸ್ತ್ವಾನ್ ವಿಂಕ್ಲರ್ ಮತ್ತು ಜೊತೆಗಾರರು ಹುಟ್ಟಿ ಎರಡು ಮೂರು ದಿನವಾದ ಕೂಸುಗಳಿಗೆ ಮಲಗಿದ್ದಾಗ ಡ್ರಮ್ಮಿನ ತಾಳ ಕೇಳಿಸಿದರು. ತಾಳದ ಮೊದಲ ಏಟನ್ನು ಬೇಕೆಂದೇ ಬಿಟ್ಟಾಗ ಕೂಸಿನ ಮಿದುಳು ಅದನ್ನು ಗುರುತಿಸಿತು. ನಿದ್ದೆಯಲ್ಲಿ! ಹುಟ್ಟಿದ ಮೂರನೇ ದಿನಕ್ಕೇ ಮಗು 'ಇಲ್ಲೊಂದು ಬರಬೇಕಿತ್ತಲ್ಲ' ಅಂತ ಕಾಯುತ್ತದೆ. ಗರ್ಭದಲ್ಲಿ ತಿಂಗಳುಗಟ್ಟಲೆ ಅಮ್ಮನ ಎದೆಬಡಿತ ಕೇಳಿಸಿಕೊಂಡು ಬಂದ ಜೀವ ಅದು.

2013ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ತುಂಬ ಇಷ್ಟ. ನ್ಯೂಯಾರ್ಕಿನ ಜೋಆನ್ ಲೋವಿ ಮತ್ತವರ ತಂಡ 11 ಆಸ್ಪತ್ರೆಗಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ 272 ಕೂಸುಗಳ ಜೊತೆ ಮಾಡಿದ ಕೆಲಸ. ಗಾಜಿನ ಪೆಟ್ಟಿಗೆ, ಸೂಜಿ, ಬೀಪ್ ಬೀಪ್ ಅನ್ನುವ ಯಂತ್ರ, ಇವುಗಳ ನಡುವೆ ಮಲಗಿದ ಕೂಸಿನ ಹತ್ತಿರ ಎದೆಬಡಿತದಂತೆ ಸದ್ದು ಮಾಡುವ ಮರದ ಪೆಟ್ಟಿಗೆಯನ್ನು ಮೆಲ್ಲಗೆ ನುಡಿಸಿದರು, ಕೂಸಿನ ಉಸಿರಿಗೆ ಹೊಂದಿಸಿ. ಅಪ್ಪ ಅಮ್ಮ ಆರಿಸಿದ ಹಾಡನ್ನು ಜೋಗುಳದ ಗತಿಗೆ ಇಳಿಸಿ ಹಾಡಿದರು. ಕೂಸುಗಳ ಎದೆಬಡಿತ ಇಳಿಯಿತು. ಅಪ್ಪ ಅಮ್ಮಂದಿರ ಆತಂಕವೂ ಇಳಿಯಿತು. ರೆಕಾರ್ಡ್ ಹಾಕಿ ಹೋಗಿಬಿಟ್ಟದ್ದಲ್ಲ ಇದು, ಪಕ್ಕದಲ್ಲಿ ಕೂತು ಆ ಕೂಸಿನ ಉಸಿರನ್ನು ನೋಡುತ್ತಾ ನುಡಿಸಿದ್ದು. ಈ ಒಂದು ವಿವರದಲ್ಲಿ ಎಲ್ಲವೂ ಇದೆ ಅಂತ ನನಗನಿಸುತ್ತದೆ.

ಈಗ 1990ರ ದಶಕದ ಯುದ್ಧದಲ್ಲಿ ನಲುಗಿದ ಯುರೋಪಿನ ದೇಶ ಬಾಸ್ನಿಯಾಕ್ಕೆ ಬರುತ್ತೇನೆ. ಮಕ್ಕಳು, ಯುದ್ಧ, ಸಂಗೀತ ಅಂದಾಗ ನನ್ನ ಮನಸ್ಸು ಹೋಗುವುದು ಮೊಸ್ತಾರ್ ಅನ್ನುವ ಊರಿಗೆ. ನೆರೆತ್ವಾ ನದಿ ಊರನ್ನು ಎರಡಾಗಿ ಸೀಳಿಕೊಂಡು ಹರಿಯುತ್ತದೆ. ಅದರ ಮೇಲೆ 1566ರಲ್ಲಿ ಕಟ್ಟಿದ ಕಲ್ಲಿನ ಕಮಾನು ಸೇತುವೆ ಇತ್ತು. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ನಿಂತಿದ್ದ ಅದನ್ನು 1993ರ ನವೆಂಬರ್ 9ರಂದು ಫಿರಂಗಿ ಹೊಡೆದು ಬೀಳಿಸಿದರು. ಒಂದು ದಡದಲ್ಲಿ ಕ್ರೊಯೇಟರು, ಇನ್ನೊಂದು ದಡದಲ್ಲಿ ಬಾಸ್ನಿಯಾಕ್ ಮುಸ್ಲಿಮರು. ಅಲ್ಲಿಯವರೆಗೆ ಒಂದೇ ಬೀದಿಯಲ್ಲಿ ಆಡಿಕೊಂಡಿದ್ದ ಮಕ್ಕಳು ನೆಲಮಾಳಿಗೆಗಳಲ್ಲಿ ತಿಂಗಳುಗಟ್ಟಲೆ ಅಡಗಿ ಕೂತರು.

ಅದೇ ಹೊತ್ತಿಗೆ ಬಾಸ್ನಿಯಾದ ರಾಜಧಾನಿ ಸರಾಯೆವೊದಲ್ಲೂ ಮುತ್ತಿಗೆ. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಗೀತ ಪ್ರಾಧ್ಯಾಪಕ, ಸಂಯೋಜಕ ನೈಜೆಲ್ ಆಸ್ಬಾರ್ನ್ ಮುತ್ತಿಗೆಯ ನಡುವೆಯೇ ಅಲ್ಲಿಗೆ ಹೋಗಿ ಮಕ್ಕಳ ಜೊತೆ ಹಾಡು, ಆಟ, ತಾಳ ಶುರುಮಾಡಿದರು. ಶುರುವಿನಲ್ಲಿ ಅದು ಚಿಕಿತ್ಸೆ ಅಂತ ಮಾಡಿದ್ದಲ್ಲ. ಮಕ್ಕಳು ಮಕ್ಕಳಾಗಿ ಇರಲಿ ಅಂತ. ಮಾಡುತ್ತಾ ಮಾಡುತ್ತಾ ಅವರು ಗಮನಿಸಿದ ವಿಷಯಗಳನ್ನು ಆಮೇಲೆ ಬರೆದರು. ಕೆಲವು ಮಕ್ಕಳು ಒಂದು ಕಡೆ ನಿಲ್ಲಲಾರದಷ್ಟು ಚಡಪಡಿಸುತ್ತಾರೆ, ಕೆಲವರು ಅಲ್ಲಾಡುವುದೇ ಇಲ್ಲ. ಎದೆಬಡಿತ ಹೆಚ್ಚಿರುತ್ತದೆ, ಉಸಿರು ಹದ ತಪ್ಪಿರುತ್ತದೆ. ಸಂಗೀತ ಇವನ್ನೆಲ್ಲ ಒಟ್ಟಿಗೇ ಮುಟ್ಟುತ್ತದೆ ಅನ್ನುವುದು ಅವರ ವಾದ. ಕೂತಲ್ಲೇ ಕಲ್ಲಾದ ಮಗುವಿಗೆ ಕೈ ಆಡಿಸಲು ಒಂದು ನೆಪ ಸಿಗುತ್ತದೆ, ಚಡಪಡಿಸುವ ಮಗುವಿಗೆ ಚಡಪಡಿಕೆ ಹಾಕಲು ಒಂದು ಜಾಗ.

ಯುದ್ಧ ಮುಗಿದ ಮೇಲೆ, 1997ರ ಡಿಸೆಂಬರ್ 21ರಂದು, ಮೊಸ್ತಾರ್‌ನ ಪೂರ್ವ ಭಾಗದಲ್ಲಿ ಪವರಾಟಿ ಸಂಗೀತ ಕೇಂದ್ರ ತೆರೆಯಿತು. ಯುದ್ಧದಲ್ಲಿ ಸಿಕ್ಕಿಕೊಂಡ ಮಕ್ಕಳಿಗಾಗಿ ದುಡಿಯುವ ವಾರ್ ಚೈಲ್ಡ್ ಸಂಸ್ಥೆಯ ಕೆಲಸ, ಇಟಲಿಯ ಗಾಯಕ ಲುಚಾನೊ ಪವರಾಟಿ ಕಛೇರಿಗಳಿಂದ ಎತ್ತಿಕೊಟ್ಟ ಹಣ. ಉದ್ಘಾಟನೆಗೆ ದೊಡ್ಡ ದೊಡ್ಡ ತಾರೆಯರು ಬಂದರು, ಫೋಟೊಗಳು ಬಂದವು. ನನಗೆ ಮುಖ್ಯ ಅನಿಸುವುದು ಫೋಟೊ ತೆಗೆಯುವವರು ಹೋದಮೇಲೆ ನಡೆದದ್ದು. ಅಲ್ಲೊಂದು ಸಂಗೀತ ಚಿಕಿತ್ಸೆಯ ವಿಭಾಗ ಇತ್ತು. ಒಂದು ಮಗು, ಒಬ್ಬ ಥೆರಪಿಸ್ಟ್, ಒಂದು ಕೋಣೆ, ಮುಟ್ಟಲು ಬಡಿಯಲು ವಾದ್ಯಗಳು. ದಕ್ಷಿಣ ಆಫ್ರಿಕಾದ ತಾಳವಾದ್ಯಗಾರ ಯೂಜಿನ್ ಸ್ಕೀಫ್ ಅಲ್ಲಿ ಸಂಗೀತದ ಹೊಣೆ ಹೊತ್ತಿದ್ದರು. ವರ್ಣಭೇದದ ದಿನಗಳಲ್ಲಿ ಅದರ ವಿರುದ್ಧ ಹೋರಾಡಿದ ನಾಯಕ ಸ್ಟೀವ್ ಬಿಕೊ ಜೊತೆ ಅಕ್ಷರ ಕಲಿಸುವ ಕೆಲಸ ಮಾಡಿದ್ದವರು ಅವರು. ಹಿಂಸೆ ಏನು ಅಂತ ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಸೇತುವೆಯನ್ನು ಮತ್ತೆ ಕಟ್ಟಿ ತೆರೆದದ್ದು 2004ರ ಜುಲೈನಲ್ಲಿ. ಸೇತುವೆಗಿಂತ ಆರು ವರ್ಷ ಮೊದಲೇ ಮಕ್ಕಳು ಡ್ರಮ್ ಬಾರಿಸಲು ಶುರುಮಾಡಿದ್ದರು.

ಶೆಲ್ ಸದ್ದಿಗೆ ನಡುಗಿದ ಮಕ್ಕಳ ಕೈಗೆ ಡ್ರಮ್ ಕೊಡುವುದಾ? ನನಗೂ ಮೊದಲು ಹೀಗೇ ಅನಿಸಿತ್ತು. ದೊಡ್ಡ ಸದ್ದು ಅಂದರೇನೇ ಅವರಿಗೆ ಆಗುವುದಿಲ್ಲವಲ್ಲ. ಆದರೆ ವಿಷಯ ಇರುವುದು ಅಲ್ಲೇ. ಶೆಲ್ ಯಾವಾಗ ಬೀಳುತ್ತದೆ ಅಂತ ಗೊತ್ತಿರುವುದಿಲ್ಲ. ಕುಡಿದು ಬಂದ ಅಪ್ಪ ಯಾವಾಗ ಬಾಗಿಲು ಒದೆಯುತ್ತಾನೆ ಅಂತ ಗೊತ್ತಿರುವುದಿಲ್ಲ. ಡ್ರಮ್ಮಿನ ಸದ್ದು ಮಗುವೇ ಮಾಡುವ ಸದ್ದು. ಯಾವಾಗ, ಎಷ್ಟು ಜೋರು, ಎಲ್ಲಿ ನಿಲ್ಲಿಸಬೇಕು, ಎಲ್ಲ ಅದರ ಕೈಯಲ್ಲೇ. ಬದುಕಿನಲ್ಲಿ ಯಾವುದೂ ತನ್ನ ಕೈಯಲ್ಲಿಲ್ಲ ಅಂತ ಕಲಿತುಬಿಟ್ಟಿರುವ ಮಗುವಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ಹಾಗಂತ ತಮಟೆಯನ್ನು ಅದರ ಕಿವಿಯ ಹತ್ತಿರ ತಂದು ನಾವು ಬಾರಿಸಿದರೆ ಆಗುವುದು ಪೂರ್ತಿ ಉಲ್ಟಾ. ದೀಪಾವಳಿಯ ಪಟಾಕಿಗೆ ಮಂಚದಡಿ ಹೋಗಿ ಕೂರುವ ಮಕ್ಕಳನ್ನು ನೋಡಿದ್ದೇನೆ. ಅವರ ಮುಂದೆ ನಾನು ಮೊದಲು ಬಾರಿಸುವುದಿಲ್ಲ. ದಮ್ಮಡಿಯನ್ನು ನೆಲದ ಮೇಲೆ ಇಟ್ಟು ಸುಮ್ನೆ ಕೂರುತ್ತೇನೆ.

ಬಾಲಮಂದಿರದಲ್ಲಿ ನಾವು ಆಡುವುದು ತುಂಬ ಸಣ್ಣ ಆಟ. ಸುತ್ತ ಕೂರುತ್ತೇವೆ. ಒಬ್ಬರು ತೊಡೆಯ ಮೇಲೆ ತಟ್ಟಲು ಶುರುಮಾಡುತ್ತಾರೆ, ಉಳಿದವರು ಸೇರಿಕೊಳ್ಳುತ್ತೇವೆ. ಅವರು ನಿಲ್ಲಿಸಿದರೆ ಎಲ್ಲರೂ ನಿಲ್ಲಿಸಬೇಕು. ಅಷ್ಟೇ. ಒಂದು ಸಲ ಯಾವತ್ತೂ ಗುಂಪಿನ ಅಂಚಿನಲ್ಲೇ ಕೂರುತ್ತಿದ್ದ ಹುಡುಗಿಯ ಸರದಿ ಬಂತು. ತಟ್ಟಿದಳು, ತಟ್ಟಿದೆವು. ಗಕ್ಕನೆ ನಿಲ್ಲಿಸಿದಳು. ನಾವೂ ನಿಲ್ಲಿಸಿದೆವು. ಅವಳು ಸುತ್ತ ಎಲ್ಲರ ಮುಖ ನೋಡಿದಳು. ಮತ್ತೆ ಶುರುಮಾಡಿ ಮತ್ತೆ ನಿಲ್ಲಿಸಿದಳು. ಆ ಸಂಜೆ ಬೇರೆ ಯಾರಿಗೂ ಸರದಿ ಸಿಗಲಿಲ್ಲ. "ಅಕ್ಕಾ, ನಾಳೆ ಬರ್ತೀರಾ?" ಅಂತ ಕೇಳಿದಳು. ನಾಳೆ ಅಲ್ಲ, ಮುಂದಿನ ವಾರ ಇದೇ ದಿನ, ಇದೇ ಹೊತ್ತಿಗೆ ಅಂದೆ. "ಇದೇ ಹೊತ್ತಿಗೆ" ಅಂತ ಅವಳೂ ಅಂದಳು. ಆಮೇಲೆ ಅವಳ ಬದುಕು ಬದಲಾಯಿತು ಅಂತೆಲ್ಲ ನಾನು ಹೇಳಲಾರೆ. ತಾನು ನಿಲ್ಲಿಸಿದಾಗ ಇಡೀ ಗುಂಪು ನಿಂತದ್ದನ್ನು ಅವಳು ನೋಡಿದಳು. ಅದೊಂದು ನಡೆಯಿತು.

ಬರುತ್ತೇನೆ ಅಂದ ಹೊತ್ತಿಗೆ ಬರುವುದೂ ಲಯವೇ. ಅದಕ್ಕೇ ನನಗೆ ಒಂದು ದಿನದ ಶಿಬಿರಗಳೆಂದರೆ ಅಷ್ಟಕ್ಕಷ್ಟೇ. ಬೆಂಗಳೂರಿಂದ ಬಸ್ ತುಂಬ ಜನ ಬಂದು, ಬಿಸ್ಕತ್ತು ಹಂಚಿ, ಹಾಡಿಸಿ, ಮಕ್ಕಳನ್ನು ಅಪ್ಪಿಕೊಂಡು, ಸಂಜೆ ಹೊರಟುಬಿಡುತ್ತಾರೆ. ಬಿಟ್ಟುಹೋಗುವವರನ್ನು ಆ ಮಕ್ಕಳು ಆಗಲೇ ಬೇಕಾದಷ್ಟು ನೋಡಿದ್ದಾರೆ.

ಮಗುವಿನ ವೇಗದಲ್ಲಿ ಅಂದೆನಲ್ಲ, ಆ ಯೋಚನೆಯ ಬೇರು ಹಳೆಯದು. 1959ರಲ್ಲಿ ಅಮೆರಿಕದ ಸಂಯೋಜಕ ಪಾಲ್ ನಾರ್ಡಾಫ್ ಮತ್ತು ಇಂಗ್ಲೆಂಡಿನ ವಿಶೇಷ ಶಿಕ್ಷಕ ಕ್ಲೈವ್ ರಾಬಿನ್ಸ್ ಸೇರಿ ಮಕ್ಕಳ ಜೊತೆ ಕೆಲಸ ಶುರುಮಾಡಿದರು. ಮಗು ಡ್ರಮ್ಮನ್ನು ಹೇಗೆ ಬಡಿದರೂ ಸರಿ, ಅಳುತ್ತಾ ಕಿರುಚಿದರೂ ಸರಿ, ನಾರ್ಡಾಫ್ ಪಿಯಾನೊದಲ್ಲಿ ಅದನ್ನು ಹಿಡಿದು ಅದಕ್ಕೆ ಜೊತೆ ಕೊಡುತ್ತಿದ್ದರು. ತಪ್ಪು ತಾಳ ಅನ್ನುವುದೇ ಇಲ್ಲ. ನಮ್ಮ ಸಂಗೀತದ ಪಾಠದಲ್ಲಿ ಬೆಳೆದವರಿಗೆ ಇದನ್ನು ಒಪ್ಪುವುದು ಕಷ್ಟ. ನಮ್ಮಲ್ಲಿ ತಾಳ ತಪ್ಪಿದರೆ ಗುರುಗಳ ಹುಬ್ಬು ಗಂಟಾಗುತ್ತದೆ. ಆದಿತಾಳದ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ, ಯಾರಿಗೋಸ್ಕರವೂ ನಿಲ್ಲುವುದಿಲ್ಲ, ಶಿಷ್ಯನೇ ಬಂದು ಸೇರಿಕೊಳ್ಳಬೇಕು. ಹೆದರಿದ ಮಗುವಿನ ಹತ್ತಿರ ನಾವು ಹೋಗಿ ಸೇರಿಕೊಳ್ಳಬೇಕು. ಅದು ಓಡುತ್ತಿದ್ದರೆ ನಾವೂ ಓಡಬೇಕು, ಆಮೇಲೆ ಅದರ ಜೊತೆಯಲ್ಲೇ, ಗೊತ್ತಾಗದ ಹಾಗೆ, ಚೂರು ಚೂರೇ ನಿಧಾನ ಆಗಬೇಕು. 'ತಕಿಟ ತಕಧಿಮಿ' ಅಂತ ಬಾಯಲ್ಲಿ ಹೇಳಿಕೊಂಡು ಇದನ್ನು ಮಾಡಿದರೆ ಇನ್ನೂ ಒಳ್ಳೆಯದು. ವಾದ್ಯವೂ ಬೇಡ, ಅರ್ಥವೂ ಬೇಡ. ಅರ್ಥವಿಲ್ಲದ ಮಾತು ಆಡುವುದರಲ್ಲಿ ಏನನ್ನೂ ಬಿಟ್ಟುಕೊಡುವ ಭಯ ಇರುವುದಿಲ್ಲ.

ಹಾಡಿನ ಕೆಲಸ ಇನ್ನೊಂದು ಬಗೆ. ಹಾಡಬೇಕಾದರೆ ಉಸಿರನ್ನು ಉದ್ದಕ್ಕೆ ಬಿಡಲೇಬೇಕು. ಉಸಿರು ಹೊರಗೆ ಹೋಗುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಎಲ್ಲರಿಗೂ ಹಾಗೇ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ಯೋರ್ನ್ ವಿಕ್‌ಹಾಫ್ ತಂಡದವರು 18 ವರ್ಷದ 15 ಮಂದಿಯನ್ನು ಒಟ್ಟಿಗೆ ಹಾಡಿಸಿ ನಾಡಿ ಅಳೆದರು. ಉಸಿರು ಒಟ್ಟಾದಾಗ ಎದೆಬಡಿತದ ಏರಿಳಿತವೂ ಒಟ್ಟಾಗುತ್ತಿತ್ತು. ಭಜನೆ, ಕೋಲಾಟ, ಬೀಸುವ ಕಲ್ಲಿನ ಮುಂದೆ ಇಬ್ಬರು ಕೂತು ಹೇಳಿಕೊಳ್ಳುವ ಪದ, ಇವುಗಳಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ ಅಲ್ವಾ? ಇನ್ನೂ ಎಳೆಯ ಮಕ್ಕಳ ಮೇಲೆ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಲಾರಾ ಚಿರೆಲಿ ಮತ್ತು ಜೊತೆಗಾರರು 14 ತಿಂಗಳ ಕೂಸುಗಳನ್ನು ಎತ್ತಿಕೊಂಡು ಸಂಗೀತಕ್ಕೆ ಕುಣಿಸಿದರು. ಎದುರಿಗೆ ಇನ್ನೊಬ್ಬರು ಅದೇ ಲಯದಲ್ಲಿ ಕುಣಿಯುತ್ತಿದ್ದರು. ಆಮೇಲೆ ಆ ವ್ಯಕ್ತಿ ಕೈಯಿಂದ ಏನಾದರೂ ಬೀಳಿಸಿದರೆ ಕೂಸು ಹೋಗಿ ಎತ್ತಿಕೊಡುತ್ತಿತ್ತು. ಬೇರೆ ಲಯದಲ್ಲಿ ಕುಣಿದವರಿಗೆ ಅಷ್ಟು ಸಹಾಯ ಸಿಗಲಿಲ್ಲ. ಒಟ್ಟಿಗೆ ಅಲ್ಲಾಡಿದವರನ್ನು ಮಗು ತನ್ನವರು ಅಂದುಕೊಳ್ಳುತ್ತದೆ. ದೊಡ್ಡವರಿಂದಲೇ ನೊಂದ ಮಗುವಿಗೆ ದೊಡ್ಡವರ ಮೇಲೆ ನಂಬಿಕೆ ಮತ್ತೆ ಬರಬೇಕಾದರೆ ಇಂಥ ಮಾತಿಲ್ಲದ ದಾರಿಗಳೇ ಬೇಕು.

ಒಂದು ಮಾತು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅಪಾಯ ಮುಗಿಯದೆ ಚೇತರಿಕೆ ಇಲ್ಲ. ಗಾಜಾದಲ್ಲಿ ಅಹ್ಮದ್ ಅಬು ಅಮ್ಷಾ ಅನ್ನುವ ಸಂಗೀತದ ಮೇಷ್ಟ್ರು ಮಕ್ಕಳನ್ನು ಸೇರಿಸಿಕೊಂಡು ಹಾಡುವ ವಿಡಿಯೊವನ್ನು 2025ರಲ್ಲಿ ನೀವೂ ನೋಡಿರಬಹುದು. ಮೇಲೆ ಡ್ರೋನ್ ಹಾರುವ ಗುಂಯ್ ಸದ್ದು ನಿಲ್ಲುವುದೇ ಇಲ್ಲ. ಅವರು ಆ ಸದ್ದನ್ನೇ ತಂಬೂರಿಯ ಶ್ರುತಿಯ ಹಾಗೆ ಹಿಡಿದು, ಅದಕ್ಕೆ ಹೊಂದುವ ಸ್ವರದಲ್ಲಿ ಮಕ್ಕಳನ್ನು ಹಾಡಿಸಿದರು. ನೋಡಿ ನನಗೆ ಮಾತು ಹೊರಡಲಿಲ್ಲ. ಆದರೆ ಅದನ್ನು 'ಸಂಗೀತದಿಂದ ಗುಣವಾದ ಮಕ್ಕಳು' ಅಂತ ಹಂಚಿಕೊಂಡವರ ಮೇಲೆ ಸಿಟ್ಟೂ ಬಂತು. ಡ್ರೋನ್ ಇನ್ನೂ ಮೇಲೇ ಇತ್ತು. ಆ ಹಾಡು ಆ ಹೊತ್ತನ್ನು ದಾಟಿಸಿತು, ಅದು ಸಣ್ಣ ವಿಷಯ ಅಲ್ಲ. ನಮ್ಮ ಪಕ್ಕದ ಮನೆಯಲ್ಲೂ ಅಷ್ಟೇ. ಹೊಡೆಯುವವನು ಇನ್ನೂ ಆ ಮನೆಯಲ್ಲೇ ಇದ್ದರೆ ಮಗುವನ್ನು ಡ್ರಮ್ ಕ್ಲಾಸಿಗೆ ಕಳಿಸಿ ಪ್ರಯೋಜನ ಇಲ್ಲ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ಹಾಗೆಯೇ, ಎಲ್ಲ ಮಕ್ಕಳಿಗೂ ತಾಳ ಹಾಡು ಸಾಕಾಗುವುದಿಲ್ಲ. ನಡೆದದ್ದು ಮತ್ತೆ ಮತ್ತೆ ಕಣ್ಣ ಮುಂದೆ ಬಂದು ಕಾಡುತ್ತಿದ್ದರೆ, ನಿದ್ದೆಯಲ್ಲಿ ಕಿರುಚುತ್ತಿದ್ದರೆ, ತನ್ನನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ತರಬೇತಿ ಇರುವವರ ಹತ್ತಿರ ಹಂತಹಂತವಾಗಿ ನಡೆಯುವ ಮಾತಿನ ಚಿಕಿತ್ಸೆ ಬೇಕು. ಆಘಾತಕ್ಕೆಂದೇ ರೂಪಿಸಿದ ಅಂಥ ಚಿಕಿತ್ಸೆಗೆ ಈ ತನಕ ಸಿಕ್ಕಿರುವ ಪುರಾವೆ ಸಂಗೀತಕ್ಕಿಂತ ಗಟ್ಟಿ. ಅದು ಬೇರೆ, ಅನಾಹುತ ನಡೆದ ಮಾರನೇ ದಿನವೇ ಕೂರಿಸಿಕೊಂಡು ಎಲ್ಲವನ್ನೂ ಹೇಳಿಸುವುದು ಬೇರೆ. ಹಾಗೆ ಹೇಳಿಸುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಮ್ಮ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ, ಸಂಕಷ್ಟದಲ್ಲಿರುವ ಮಕ್ಕಳಿಗೆಂದೇ 2020ರಲ್ಲಿ ಶುರುವಾದ ಸಂವಾದ್ ಇದೆ. ಸಂಗೀತ ಮತ್ತು ಮಿದುಳಿನ ನಂಟನ್ನು ನೋಡುವ ಪ್ರಯೋಗಾಲಯವನ್ನೂ ಅಲ್ಲಿ ಡಾ. ಶಾಂತಲಾ ಹೆಗಡೆ ನಡೆಸುತ್ತಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನನಗೆ ತುಂಬ ನೋವಾಗುವ ಒಂದು ವಿಷಯ ಉಳಿದಿದೆ. ವೇದಿಕೆ. ನಮ್ಮ ನಾಡಿನಲ್ಲಿ ಡೊಳ್ಳು, ತಮಟೆ, ಕಂಸಾಳೆ, ಕೋಲಾಟ, ಇಷ್ಟೊಂದು ಲಯ ಇದೆ. ಆದರೆ ಮಕ್ಕಳ ಹತ್ತಿರ ಬರುವಷ್ಟರಲ್ಲಿ ಎಲ್ಲವೂ ಕಾರ್ಯಕ್ರಮವಾಗಿಬಿಡುತ್ತದೆ. ಆಗಸ್ಟ್ 15 ಬಂತು, ನವೆಂಬರ್ 14 ಬಂತು, ಪ್ರಾಕ್ಟೀಸ್ ಮಾಡಿ, ತಪ್ಪಬೇಡಿ, ನಗ್ತಾ ಕುಣೀರಿ. ಒಂದು ಸಲ ಒಂದೂರಿನ ಸಮಾರಂಭದಲ್ಲಿ ನಿರೂಪಕರು ಮೈಕಿನಲ್ಲಿ, "ತಂದೆ ತಾಯಿ ಇಲ್ಲದ, ಬಹಳ ನೊಂದ ಮಕ್ಕಳು ಇವರು, ಜೋರಾಗಿ ಚಪ್ಪಾಳೆ ಕೊಡಿ" ಅಂದರು. ಮುಂದಿನ ಸಾಲಿನಲ್ಲಿದ್ದ ಹುಡುಗ ಕೋಲು ಕೆಳಗೆ ಇಳಿಸಿದ. ಆಮೇಲೆ ಹಾಡು ಮುಗಿಯುವವರೆಗೂ ಎತ್ತಲಿಲ್ಲ. ಕೆಳಗೆ ಎಲ್ಲರ ಮೊಬೈಲುಗಳು ಆನ್ ಆಗಿದ್ದವು. ಆ ಮಕ್ಕಳ ಗುರುತನ್ನು ಮಾಧ್ಯಮದಲ್ಲಿ ಬಿಟ್ಟುಕೊಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಕಾನೂನು ಬಿಡಿ, ವಾರವಾರವೂ ತನ್ನದು ಅಂತ ಹಿಡಿದುಕೊಂಡಿದ್ದ ತಾಳವನ್ನು ಆ ಒಂದು ವಾಕ್ಯ ಅವನ ಕೈಯಿಂದ ಕಿತ್ತುಕೊಂಡಿತು. ಮಕ್ಕಳು ತಾವೇ ಬಯಸಿ ವೇದಿಕೆ ಹತ್ತಿದರೆ ಅದು ಬೇರೆ ಮಾತು, ಆ ಖುಷಿಯೇ ಬೇರೆ. ಆದರೆ ಬೇಡ ಅನ್ನುವ ಅವಕಾಶ ನಿಜವಾಗಿ ಇರಬೇಕು, ಪರಿಚಯದ ಮಾತಿನಲ್ಲಿ ಮಕ್ಕಳ ಹೆಸರಾಗಲಿ ಕಥೆಯಾಗಲಿ ಇರಬಾರದು.

ಇದನ್ನು ಓದುತ್ತಿರುವವರಲ್ಲಿ ತಾಳ ಗೊತ್ತಿರುವವರು ತುಂಬ ಜನ ಇರುತ್ತೀರಿ. ತಬಲಾ, ಮೃದಂಗ, ಡೊಳ್ಳು, ಚರ್ಚಿನ ಕಾಯರ್, ಯಾವುದಾದರೂ ಸರಿ. ಬಾಲಮಂದಿರಕ್ಕೆ ಹೋಗಬೇಕು ಅಂತಿದ್ದರೆ ನೇರವಾಗಿ ಗೇಟಿನ ಹತ್ತಿರ ಹೋಗಬೇಡಿ, ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ನಿಮ್ಮ ಬಗ್ಗೆ ವಿಚಾರಿಸುತ್ತಾರೆ, ವಿಚಾರಿಸಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಒಂದು ವರ್ಷವಾದರೂ ವಾರಕ್ಕೊಂದು ದಿನ ಒಂದೇ ಹೊತ್ತಿಗೆ ಹೋಗಲು ಆಗುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಬರಲಾಗದ ವಾರ ಮೊದಲೇ ಮಕ್ಕಳಿಗೆ ಹೇಳಿ, ಬಿಡುವ ದಿನ ಬಂದರೆ ಅದನ್ನೂ ಒಂದು ತಿಂಗಳು ಮುಂಚೆ ಹೇಳಿ. ದುಬಾರಿ ವಾದ್ಯ ಬೇಡ, ಎರಡು ದಮ್ಮಡಿ ಸಾಕು. ಫೋನ್ ಚೀಲದಲ್ಲೇ ಇರಲಿ. ಮಗು ದಮ್ಮಡಿಯನ್ನು ಮುಟ್ಟದೇ ಇದ್ದರೆ ಆವತ್ತು ಅದು ನೆಲದ ಮೇಲೇ ಇರಲಿ, ಮುಂದಿನ ವಾರ ಅದೇ ಜಾಗದಲ್ಲಿ ಮತ್ತೆ ಇಡಿ.